ಮೂವತ್ತೊಂದು ಉಲಿಯಕ್ಕಿ

ಫೆಬ್ರವರಿ 3

ಮಾನ್ಯರೇ,

ಜೊಂಡಿನ ಉಲಿಯಕ್ಕಿಯ ಸ್ಥಿತಿಗತಿಯನ್ನು ನಮ್ಮ ಕಚೇರಿ ಈ ವರ್ಷ ಮತ್ತೆ ಪರಿಶೀಲಿಸುತ್ತಿದೆ. ಉತ್ತರದ ತಣ್ಣನೆಯ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲವನ್ನು ದಕ್ಷಿಣದ ದ್ವೀಪಗಳಲ್ಲಿ ಕಳೆಯುವ ಈ ಪುಟ್ಟ ಹಾಡುಹಕ್ಕಿ, ಮರಳುವಾಗ ನಡುದಾರಿಯ ಜೌಗುಗಳಲ್ಲಿ ಕೆಲವು ವಾರ ಇಳಿಯುತ್ತದೆ ಎಂಬುದು ತಮಗೆ ತಿಳಿದೇ ಇದೆ. ಈಗಿನ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ‘ಆತಂಕವಿಲ್ಲ’ ಎಂದಿದೆ. ಅದು ಹಾಗೆಯೇ ಉಳಿಯಬೇಕೇ, ‘ಅಳಿವಿನಂಚಿನಲ್ಲಿದೆ’ ಎಂದು ಬದಲಾಗಬೇಕೇ ಎಂಬುದು ಜುಲೈನಲ್ಲಿ ತೀರ್ಮಾನವಾಗಲಿದೆ. ಆದ್ದರಿಂದ ಈ ಹಕ್ಕಿಯನ್ನು ಎಣಿಸಿದವರೆಲ್ಲರೂ ತಮ್ಮ ಮೂಲ ಪುಸ್ತಕಗಳನ್ನು ಕಳುಹಿಸಿಕೊಡಬೇಕಾಗಿ ಕೋರಿಕೆ.

ಪಟ್ಟಿ ವಿಭಾಗದ ಪರವಾಗಿ,
ಹಿರಿಯ ಸಹಾಯಕಿ

ಅಪ್ಪಾ, ಮೇಲಿನದು ಅಚ್ಚು ಹಾಕಿದ ಕಾಗದ, ನಲವತ್ತಮೂರು ಜನಕ್ಕೆ ಹೋಗುತ್ತಿದೆ. ನೀವೂ ಆ ನಲವತ್ತಮೂರರಲ್ಲಿ ಒಬ್ಬರು ಎಂಬ ಕಾರಣಕ್ಕೆ ಮಾತ್ರ ಕಳಿಸುತ್ತಿದ್ದೇನೆ. ಪುಸ್ತಕಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಹಾಕಿ. ಬೇರೇನೂ ಬರೆಯಬೇಕಾಗಿಲ್ಲ.


ಫೆಬ್ರವರಿ 14

ಪಾಪು,

ಮೂವತ್ತೇಳು ವರ್ಷದ ಹಿರಿಯ ಸಹಾಯಕಿಯನ್ನು ಪಾಪು ಎನ್ನಬಾರದೇನೋ. ಏನು ಮಾಡಲಿ, ನನ್ನ ಕೈಗೆ ಅದೇ ರೂಢಿ. ಒಂಬತ್ತು ವರ್ಷದ ಮೇಲೆ ನಿನ್ನ ಅಕ್ಷರ ಕಂಡೆ. ಅಚ್ಚಾದ ಭಾಗವನ್ನು ಒಂದು ಸಲ ಓದಿದೆ, ಕೆಳಗಿನ ನಾಲ್ಕು ಸಾಲನ್ನು ಎಷ್ಟು ಸಲವೋ. ಬೇರೇನೂ ಬರೆಯಬೇಕಾಗಿಲ್ಲ ಎಂದಿದ್ದೀಯೇ ಹೊರತು ಬರೆಯಕೂಡದು ಎಂದಿಲ್ಲವಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಅಂಗಡಿ ಈಗ ಅರ್ಧ ದಿನ. ಎದುರಿನ ಹೊಸ ಅಂಗಡಿಯಲ್ಲಿ ಯಂತ್ರವೇ ಕಣ್ಣು ನೋಡಿ ಕನ್ನಡಕದ ಚೀಟಿ ಕೊಡುತ್ತದೆ. ಆದರೆ ಮೂಗಿನಿಂದ ಜಾರುವ ಫ್ರೇಮನ್ನು ಬಗ್ಗಿಸಿ ಕೂರಿಸಲು ಜನ ಇನ್ನೂ ನನ್ನ ಹತ್ತಿರವೇ ಬರುತ್ತಾರೆ. ಮೊನ್ನೆ ಒಬ್ಬಾಕೆ ಬಂದು, “ಅಣ್ಣಾ, ಹೊಸ ಕನ್ನಡಕದಲ್ಲಿ ನಮ್ಮ ಯಜಮಾನ್ರು ತುಂಬಾ ಸ್ಪಷ್ಟವಾಗಿ ಕಾಣ್ತಾರೆ, ಸ್ವಲ್ಪ ಮಂಜು ಮಾಡ್ಕೊಡಿ” ಎಂದಳು. ನಿನ್ನ ಅಮ್ಮ ಇದ್ದಿದ್ದರೆ ಒಂದು ವಾರ ನಗುತ್ತಿದ್ದಳು.

ಇಪ್ಪತ್ತೈದು ವಸಂತದ ಇಪ್ಪತ್ತೈದು ಪುಸ್ತಕ ಕಳಿಸಿದ್ದೇನೆ. ಫ್ರೇಮು ಬರುವ ರಟ್ಟಿನ ಡಬ್ಬಿಯಲ್ಲಿ ಕಟ್ಟಿದ್ದೇನೆ, ಬಿಚ್ಚುವಾಗ ಜೋಪಾನ, ಹಳೆಯವುಗಳ ಬೆನ್ನು ಬಿಟ್ಟಿದೆ. ಇಪ್ಪತ್ತಾರನೆಯದು, ಕೊನೆಯದು, ಕೈಗೆ ಸಿಗಲಿಲ್ಲ. ಎಲ್ಲೋ ಸೇರಿಹೋಗಿದೆ. ಅದಿಲ್ಲದಿದ್ದರೂ ನಡೆದೀತು.

ನೀನು ಊಟ ತಿಂಡಿ ಸರಿಯಾಗಿ ಮಾಡುತ್ತೀಯಾ?

ಅಪ್ಪ


ಫೆಬ್ರವರಿ 27

ಅಪ್ಪಾ,

ಪುಸ್ತಕಗಳು ತಲುಪಿದವು. ಕೊನೆಯದು ನಿಮಗೆ ಸಿಗದಿದ್ದರೂ ತೊಂದರೆ ಇಲ್ಲ. ಆ ವರ್ಷವೇ ನಿಮ್ಮ ಹಕ್ಕಿ ಸಂಘದ ಕಾರ್ಯದರ್ಶಿ ಅದರ ನಕಲು ತೆಗೆದು ಕಳಿಸಿದ್ದಾರೆ. ನಮ್ಮ ಕಡತದಲ್ಲಿದೆ.

ಇಪ್ಪತ್ತೈದು ಪುಸ್ತಕವನ್ನೂ ಪುಟ ಬಿಡದೆ ಓದಿದೆ. ಪ್ರತಿದಿನ ಗಾಳಿ ಯಾವ ಕಡೆಯದು, ಮೋಡ ಎಷ್ಟು, ಬಸ್ಸು ಎಷ್ಟು ತಡ, ಅಮ್ಮ ಮೊದಲು ಕೇಳಿಸಿಕೊಂಡದ್ದು ಎಷ್ಟು, ನೀವು ಮೊದಲು ಕಂಡದ್ದು ಎಷ್ಟು, ಎಲ್ಲ ಇದೆ. ಇಪ್ಪತ್ತಾರನೆಯದರಲ್ಲಿ ಇವು ಯಾವುವೂ ಇಲ್ಲ. ಮಾರ್ಚ್ ಎರಡರಂದು ಸೊನ್ನೆ. ಮೂರರಿಂದ ಏಪ್ರಿಲ್ ಹನ್ನೆರಡರವರೆಗೆ ನಲವತ್ತೊಂದು ದಿನ ಬರೀ ಸಂಖ್ಯೆ. ಹದಿನಾಲ್ಕು, ಒಂಬತ್ತು, ಇಪ್ಪತ್ತೆರಡು, ಹೀಗೆ. ಒಟ್ಟು ಆರುನೂರ ಹದಿನೆಂಟು.

ಆ ಚಳಿಗಾಲ ನಾನು ದ್ವೀಪದಲ್ಲಿ ಇದೇ ಹಕ್ಕಿಗಳ ಕಾಲಿಗೆ ಉಂಗುರ ಹಾಕುತ್ತಿದ್ದೆ. ಅದಕ್ಕೆ ಹಿಂದಿನ ವರ್ಷ ಇನ್ನೂರ ಆರು ಹಕ್ಕಿಗೆ ಉಂಗುರ ಬಿದ್ದ ಜಾಗದಲ್ಲಿ ನನಗೆ ಸಿಕ್ಕಿದ್ದು ಹನ್ನೊಂದು. ಅದೇ ದಾರಿಯ ಬೇರೆ ನಾಲ್ಕು ಜೌಗುಗಳಲ್ಲಿ ಆ ವಸಂತ ಎಲ್ಲ ಸೇರಿ ಐವತ್ತೂ ಇರಲಿಲ್ಲ. ನಿಮ್ಮೊಬ್ಬರ ಜೌಗಿನಲ್ಲಿ ಆರುನೂರು. ‘ಹಕ್ಕಿಗಳು ಒಂದೇ ಜೌಗಿಗೆ ಕೂಡಿಬಂದಿವೆ, ಸಂಖ್ಯೆ ಕುಸಿದಿಲ್ಲ’ ಎಂದು ಆಗಿನವರು ಷರಾ ಬರೆದರು. ‘ಆತಂಕವಿಲ್ಲ’ ಎಂಬುದು ಇಷ್ಟು ವರ್ಷ ನಿಂತದ್ದು ಆ ಒಂದು ಷರಾದ ಮೇಲೆ.

ಒಂದೇ ಪ್ರಶ್ನೆ. ಆ ನಲವತ್ತೊಂದು ದಿನ ನೀವು ಜೌಗಿಗೆ ಹೋಗಿದ್ದಿರಾ?

ಮಗಳು


ಮಾರ್ಚ್ 29

ಪಾಪು,

ತಡವಾಯಿತು. ಅಂಗಡಿಯ ಬಾಗಿಲಿನ ಕೀಲು ಕೆಟ್ಟಿತ್ತು, ಆಮೇಲೆ ನನಗೆ ನೆಗಡಿ, ಆಮೇಲೆ ಏನೋ ಒಂದು.

ಹೋಗಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ.

ಅಪ್ಪ


ಏಪ್ರಿಲ್ 3

ಅಪ್ಪಾ,

ಹೋಗಿದ್ದು ನನಗೆ ಗೊತ್ತಿಲ್ಲವೇ? ಕೊನೆಯ ಎಂಟು ದಿನ ನಾನೂ ಆ ಮನೆಯಲ್ಲೇ ಇದ್ದೆ. ಬೆಳಕು ಹರಿಯುವ ಮೊದಲೇ ನೀನು ಷೂ ಹಾಕಿಕೊಂಡು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಹೊರಡುತ್ತಿದ್ದೆ. ಮೂರು ಗಂಟೆ. ಆ ಮೂರು ಗಂಟೆ ಅಮ್ಮನ ಉಸಿರಿನ ಸದ್ದು ಕೇಳುತ್ತ ನಾನೊಬ್ಬಳೇ ಕೂತಿರುತ್ತಿದ್ದೆ. ಒಮ್ಮೆ ತಡೆದು ಕೇಳಿದೆ, “ಇವತ್ತೊಂದಿನ ಬಿಡೋಕಾಗಲ್ವಾ?” ಎಂದು. “ಬೇಗ ಬಂದ್ಬಿಡ್ತೀನಿ” ಎಂದೆ ನೀನು. ಏಪ್ರಿಲ್ ಹನ್ನೆರಡರ ಬೆಳಗ್ಗೆ ಏಳೂವರೆಗೆ ಅಮ್ಮ ಹೋದಳು. ನೀನು ಬಂದದ್ದು ಎಂಟೂ ಹತ್ತಕ್ಕೆ, ಷೂ ತುಂಬ ಕೆಸರು ಮಾಡಿಕೊಂಡು.

ಆ ದಿನದ ಪುಟ ನನ್ನ ಮುಂದಿದೆ. ಏಪ್ರಿಲ್ 12. ಮೂವತ್ತೊಂದು. ಆ ವಸಂತದಲ್ಲೇ ಅತಿ ಹೆಚ್ಚು.

ಅಮ್ಮ ಸತ್ತ ದಿನ ಕೂತು ಹಕ್ಕಿ ಲೆಕ್ಕ ಬರೆದೆಯಲ್ಲ, ಅದನ್ನು ನಾನು ಒಂಬತ್ತು ವರ್ಷ ಕ್ಷಮಿಸಲಿಲ್ಲ. ಈಗ ನೋಡಿದರೆ ಆ ಲೆಕ್ಕವೂ ಸುಳ್ಳು. ಯಾರಿಗಾಗಿ ಬರೆದೆ ಅಪ್ಪಾ?


ಏಪ್ರಿಲ್ 12

ಪಾಪು,

ಕೋಪದಲ್ಲಾದರೂ ‘ನೀನು’ ಎಂದೆಯಲ್ಲ. ಹಿಂದಿನೆರಡು ಕಾಗದದ ‘ನೀವು’ ಓದಿ ಯಾರಿಗೋ ಬರೆದದ್ದನ್ನು ನಾನು ಒಡೆದು ಓದುತ್ತಿದ್ದೇನೆ ಅನ್ನಿಸುತ್ತಿತ್ತು.

ಇವತ್ತಿಗೆ ಒಂಬತ್ತು ವರ್ಷ. ಅಂಗಡಿ ತೆರೆದಿಲ್ಲ. ಹೇಳುವುದನ್ನೆಲ್ಲ ಇವತ್ತೇ ಹೇಳಿಬಿಡುತ್ತೇನೆ.

ನಿನಗೆ ಗೊತ್ತು, ಜೌಗಿನಲ್ಲಿ ಕಣ್ಣು ನನ್ನದು, ಕಿವಿ ಅವಳದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ತಂತಿಯೊಳಗಿನ ಪಿಸುಮಾತು ಕೇಳಿದ ಕಿವಿ. ಜೊಂಡಿನ ಮರೆಯಲ್ಲಿ ಹಕ್ಕಿ ಗಂಟಲು ಸರಿಮಾಡಿಕೊಳ್ಳುವ ಮೊದಲೇ ನನ್ನ ಪಕ್ಕೆಗೆ ತಿವಿಯುತ್ತಿದ್ದಳು. ಕಾಯಿಲೆ ಶ್ವಾಸಕೋಶಕ್ಕೆ ಇಳಿದ ಮೇಲೆ ಮೂರು ಮಹಡಿ ಇಳಿಯುವುದು ನಿಂತುಹೋಯಿತು. ಅವಳ ಮಂಚದ ಪಕ್ಕದ ಕಿಟಕಿಯಲ್ಲಿ ಎದುರು ಕಟ್ಟಡದ ಗೋಡೆ ಬಿಟ್ಟರೆ ಏನೂ ಕಾಣದು. ಹಕ್ಕಿಗಳು ಬರುವ ಕಾಲ ಹತ್ತಿರವಾದಾಗ, “ನನ್ನ ಕಟ್ಕೊಂಡು ನೀವೂ ಇಲ್ಲೇ ಕೂತರೆ ಹೇಗೆ? ಹೋಗಿ ನೋಡ್ಕೊಂಡು ಬನ್ನಿ. ಬಂದು ಎಷ್ಟು ಅಂತ ಹೇಳಿ” ಎಂದಳು.

ಮಾರ್ಚ್ ಎರಡರಂದು ಹೋದೆ. ಒಂದೂ ಇರಲಿಲ್ಲ. ಬಂದು ಹಾಗೇ ಹೇಳಿದೆ. ಅವಳು ಒಂದು ಮಾತು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಆ ಮಾತು ಬಿಡು. ಆ ದಿನ ಒಂದು ಗುಟುಕು ಚಹಾ ಸಹ ಕುಡಿಯಲಿಲ್ಲ.

ಮಾರನೆಯ ದಿನವೂ ಒಂದೂ ಇರಲಿಲ್ಲ. ಮೆಟ್ಟಿಲು ಹತ್ತುವಾಗ ಮೊದಲ ಮಹಡಿಯಲ್ಲಿ ‘ಇಲ್ಲ’ ಎಂದೇ ಅಂದುಕೊಂಡಿದ್ದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಬಾಯಿ ತಾನಾಗಿ “ಹದಿನಾಲ್ಕು” ಎಂದಿತು. ಅವಳು ಎದ್ದು ದಿಂಬಿಗೆ ಒರಗಿ ಕೂತಳು. “ಎಲ್ಲಿ? ಮುರಿದ ಸೇತುವೆ ಹತ್ತಿರಾನಾ? ಹಾಡ್ತಿದ್ವಾ?” ಎಂದು ಕೇಳಿದ್ದೇ ಕೇಳಿದ್ದು. ಪುಸ್ತಕ ತರಿಸಿಕೊಂಡು ನೋಡುವ ಅಭ್ಯಾಸ ಅವಳಿಗಿತ್ತು, ಹಾಗಾಗಿ ಬರೆಯಲೇಬೇಕಾಯಿತು. ಗಾಳಿಯ ದಿಕ್ಕನ್ನೂ ಕಟ್ಟಿ ಬರೆಯಬಹುದಿತ್ತು. ಅಷ್ಟಕ್ಕೆ ಕೈ ಬರಲಿಲ್ಲ.

ಮೂರು ಗಂಟೆ ಅಂದೆಯಲ್ಲ. ಹಕ್ಕಿ ಇದ್ದಿದ್ದರೆ ಒಂದು ಗಂಟೆಗೆ ಮುಗಿಯುತ್ತಿತ್ತು. ಇಲ್ಲದ್ದಕ್ಕೇ ಅಷ್ಟು ಹೊತ್ತು. ಒಂದೇ ಒಂದು ನಿಜವಾದ ಹಕ್ಕಿ ಸಿಕ್ಕಿದರೆ ಉಳಿದ ಸುಳ್ಳನ್ನೆಲ್ಲ ಅದರ ಬೆನ್ನಿಗೆ ಕಟ್ಟಬಹುದು ಎಂದು, ಮೊಣಕಾಲಿನವರೆಗೆ ನೀರಲ್ಲಿ ನಿಂತು, ಜೊಂಡಿನ ಮೇಲೆ ಕಣ್ಣಿಟ್ಟು ಕಾಯುತ್ತಿದ್ದೆ.

ಹನ್ನೆರಡರಂದು ಅವಳು ನನ್ನ ಕೈ ಹಿಡಿದು, “ಹೋಗ್ಬನ್ನಿ” ಎಂದಳು. ಆ ದಿನ ಅವಳನ್ನು ನಗಿಸಲೇಬೇಕು ಎಂದು ಬಸ್ಸಿನಲ್ಲೇ ಮೂವತ್ತೊಂದು ಎಂದು ಗೊತ್ತುಮಾಡಿಕೊಂಡು ಬಂದೆ. ಬಾಗಿಲಲ್ಲಿ ನೀನು ನಿಂತಿದ್ದೆ. ನಿನ್ನ ಮುಖ ನೋಡಿದೆ, ಗೊತ್ತಾಯಿತು. ನಾನು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ್ದನ್ನು ನೀನು ಕಂಡಿದ್ದೀ. ಕ್ಷಮೆ ಕೇಳಿದೆ ಎಂದುಕೊಂಡಿರಬೇಕು. ಅಲ್ಲ. “ಮೂವತ್ತೊಂದು ಕಣೇ” ಎಂದೆ. ಅವಳಿಗೆ ಹೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಅವಳು ನನ್ನನ್ನು ನಂಬಿದ್ದಳೋ, ನಂಬಿದ ಹಾಗೆ ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಹದಿನೈದು ದಿನ ಕಳೆದು ಕಾರ್ಯದರ್ಶಿ ಉದ್ದಣ್ಣ ಮಾತಾಡಿಸಲು ಬಂದ. ಎದ್ದು ಹೋಗುವಾಗ ಪ್ರತಿವರ್ಷದ ಹಾಗೆ ಕಪಾಟಿನಿಂದ ಪುಸ್ತಕ ತೆಗೆದುಕೊಂಡ. ನಾನು ನೋಡುತ್ತಲೇ ಇದ್ದೆ, ‘ಅದು ಬೇಡ’ ಎನ್ನಲಿಲ್ಲ. ಮತ್ತೆಂದೂ ಎಣಿಸಲು ಹೋಗಲಿಲ್ಲ.

ಮೂರು ವರ್ಷದ ನಂತರ ಜೌಗನ್ನು ಮುಚ್ಚಿ ಗೋದಾಮು ಕಟ್ಟುವ ಸಭೆಯಾಯಿತು. ನೂರಾರು ಜನರ ಎದುರು ಒಬ್ಬ ಅಧಿಕಾರಿ ಓದಿದ: ‘ಇಪ್ಪತ್ತಾರು ವರ್ಷದ ಅನುಭವವಿರುವ ವೀಕ್ಷಕರ ಪ್ರಕಾರ ಈ ಹಕ್ಕಿಗೆ ಯಾವ ಕೊರತೆಯೂ ಇಲ್ಲ. ಅರ್ಧ ಜೌಗು ಹೋದರೂ ಉಳಿದರ್ಧ ಸಾಕು.’ ನಾನು ನಾಲ್ಕನೆಯ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಂತು ಒಂದು ಮಾತು ಹೇಳಬೇಕಿತ್ತು. ಏಳಲಿಲ್ಲ. ಅರ್ಧ ಜೌಗಿನ ಮೇಲೆ ಗೋದಾಮು ಎದ್ದಿತು.

ಯಾರಿಗಾಗಿ ಎಂದು ಕೇಳಿದೆ. ಅವಳಿಗಾಗಿ ಶುರುವಾಯಿತು. ಆ ಸಭೆಯಲ್ಲಿ ಸುಮ್ಮನಿದ್ದದ್ದು ಮಾತ್ರ ನನಗಾಗಿ.

ಅಪ್ಪ


ಏಪ್ರಿಲ್ 26

ಅಪ್ಪಾ,

ನಿನ್ನ ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಕಾವಲಿನವನು ಬಂದು, “ಏನಾಯ್ತು ಮೇಡಂ, ನೀರು ತರ್ಲಾ?” ಎಂದು ಕೇಳಿದ.

ಈಗ ಕೆಲಸದ ಮಾತು. ನಿನ್ನ ಆರುನೂರ ಹದಿನೆಂಟನ್ನು ಪಟ್ಟಿಯಿಂದ ತೆಗೆಯಬೇಕು. ತೆಗೆದರೆ ಕಾರಣ ಬರೆಯಬೇಕು. ವೀಕ್ಷಕ ಬೇಕೆಂದೇ ತಪ್ಪು ಬರೆದ ಎಂದರೆ ನಿಯಮದ ಪ್ರಕಾರ ಆ ಒಂದು ಪುಸ್ತಕ ಮಾತ್ರವಲ್ಲ, ಅವನ ಎಲ್ಲ ಪುಸ್ತಕವೂ ರದ್ದು. ಇಪ್ಪತ್ತಾರೂ. ಆ ದಿನಗಳಿಗೆ ಈಗ ಸೊನ್ನೆ ಎಂದು ತಿದ್ದಿ ಕೊಟ್ಟರೂ ನಡೆಯುವುದಿಲ್ಲ, ನಿನ್ನ ಸೊನ್ನೆಯನ್ನೂ ಯಾರೂ ನಂಬುವ ಹಾಗಿಲ್ಲ.

ಇನ್ನೊಂದು ದಾರಿ ಇದೆ. ‘ಆ ವರ್ಷ ವೀಕ್ಷಕರ ದೃಷ್ಟಿ ಮಂದವಾಗಿತ್ತು, ಬೇರೆ ಹಕ್ಕಿಯನ್ನು ಉಲಿಯಕ್ಕಿ ಎಂದು ತಿಳಿದರು’ ಎಂದು ಬರೆಯಬಹುದು. ಹಾಗೆ ಬರೆದರೆ ಒಂದು ಪುಸ್ತಕ ಹೋಗುತ್ತದೆ, ಇಪ್ಪತ್ತೈದು ಉಳಿಯುತ್ತವೆ. ವಯಸ್ಸಾದವರಲ್ಲಿ ಇದು ಇದ್ದದ್ದೇ, ಯಾರೂ ಕೆದಕುವುದಿಲ್ಲ. ಅರ್ಜಿ ತುಂಬಿಟ್ಟಿದ್ದೇನೆ, ನೀನು ಸಹಿ ಹಾಕಿದರೆ ಸಾಕು. ಒಳಗಿಟ್ಟಿದ್ದೇನೆ.

ಮತ್ತೆ ಒಂದು. ಮಾರ್ಚ್ ಎರಡರಂದು ಅಮ್ಮ ಏನೆಂದಳು? ನೀನು ಬಿಡು ಎಂದರೂ ನನಗೆ ಬಿಡಲಾಗುತ್ತಿಲ್ಲ.

ಮಗಳು


ಮೇ 9

ಪಾಪು,

ಅರ್ಜಿಯನ್ನು ಸಹಿ ಹಾಕದೆ ವಾಪಸು ಕಳಿಸುತ್ತಿದ್ದೇನೆ. ನನ್ನ ಕಣ್ಣು ಆ ವರ್ಷ ಚೆನ್ನಾಗಿತ್ತು. ಹಕ್ಕಿ ಇಲ್ಲದ್ದು ಚೆನ್ನಾಗಿ ಕಂಡಿತು. ನನ್ನ ಮೇಲಿನ ಮರುಕಕ್ಕೆ ನೀನೂ ಕಾಗದದ ಮೇಲೆ ಒಂದು ಸುಳ್ಳು ಬರೆಯಬೇಡ ಮಗಳೇ. ಮರುಕದಿಂದ ಬರೆದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನನ್ನನ್ನು ನೋಡಿದರೆ ಗೊತ್ತಾಗುವುದಿಲ್ಲವೇ?

ಭಾನುವಾರ ಸಂಘದ ಸಭೆಗೆ ಹೋಗಿ ಎಲ್ಲರ ಮುಂದೆ ಹೇಳಿದೆ. ಉದ್ದಣ್ಣ ನನ್ನ ತೋಳು ಹಿಡಿದು ಕೂರಿಸಲು ನೋಡಿದ. “ಸುಮ್ನಿರಪ್ಪಾ, ಹೆಂಡ್ತಿ ಸಾಯ್ತಿದ್ಲು, ನಿನ್ನ ಮನಸ್ಸು ಸ್ಥಿಮಿತದಲ್ಲಿರಲಿಲ್ಲ. ಒಂಬತ್ತು ವರ್ಷ ಆದ್ಮೇಲೆ ಯಾರು ಕೇಳ್ತಾರೆ ಇದನ್ನ?” ಎಂದ.

“ನನ್ನ ಮಗಳು ಕೇಳಿದಾಳೆ” ಎಂದೆ.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ನಮ್ಮ ಸಂಘದಲ್ಲಿದ್ದಾಳೆ. ಗೋದಾಮು ಬೇಡವೆಂದು ಮನೆಮನೆಗೆ ಅಲೆದು ಸಹಿ ಮಾಡಿಸಿದವಳು ಅವಳೇ. ನಿಧಾನವಾಗಿ ಎದ್ದಳು. “ಸರ್, ಆವತ್ತು ಸಭೆಯಲ್ಲಿ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಅವರು ನಿಮ್ಮ ಲೆಕ್ಕ ಓದಿದಾಗ ನಿಮ್ಮ ಕಡೆ ತಿರುಗಿ ನೋಡಿದೆ. ನೀವು ಷೂ ಲೇಸು ಕಟ್ಕೋತಿದ್ರಿ” ಎಂದಳು. ಅಷ್ಟೇ ಹೇಳಿ ಚೀಲ ತೆಗೆದುಕೊಂಡು ಹೊರಟುಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬಾಗಿಲ ಪಕ್ಕದ ಹಲಗೆಯಲ್ಲಿ ಹಿರಿಯ ವೀಕ್ಷಕರು ಎಂದು ನನ್ನ ಹೆಸರಿತ್ತು. ನಾನೇ ಸ್ಕ್ರೂ ಬಿಚ್ಚಿ ತೆಗೆದೆ. ಸಣ್ಣ ಸ್ಕ್ರೂ ಬಿಚ್ಚುವುದು ನನಗೇನು ಹೊಸದಲ್ಲ.

ಇನ್ನು ನೀನು ಕೇಳಿದ ಮಾತು. ಹೇಳಬಾರದೆಂದೇ ಇದ್ದೆ. ಆದರೆ ಇಷ್ಟೆಲ್ಲ ಹೇಳಿ ಅದೊಂದನ್ನು ಮುಚ್ಚಿಟ್ಟರೆ ಹೇಳಿದ್ದಕ್ಕೂ ಬೆಲೆ ಇರುವುದಿಲ್ಲ. ಒಂದೂ ಬಂದಿಲ್ಲ ಎಂದಾಗ ಅವಳು, “ಅವೂ ಬರಲಿಲ್ವಾ?” ಎಂದಳು.

ಅಷ್ಟೇ.

ಅಪ್ಪ


ಜುಲೈ 22

ಅಪ್ಪಾ,

ಎರಡು ತಿಂಗಳು ಬರೆಯಲಿಲ್ಲ. ಜೂನ್‌ನಲ್ಲಿ ಒಂದು ದಿನ ನಿನ್ನ ಊರಿನ ಬಸ್ಸು ಹತ್ತಿ ಕೂತೆ. ಬಸ್ಸು ಬಿಡುವ ಮೊದಲು ಇಳಿದುಬಿಟ್ಟೆ.

ತೀರ್ಮಾನವಾಯಿತು. ಜೊಂಡಿನ ಉಲಿಯಕ್ಕಿ ‘ಅಳಿವಿನಂಚಿನಲ್ಲಿದೆ.’ ಒಂಬತ್ತು ವರ್ಷದ ಹಿಂದೆಯೇ ಹೀಗೆಂದಿದ್ದರೆ ಏನೇನು ಉಳಿಯುತ್ತಿತ್ತೋ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನಾನು ನಿನ್ನ ಮಗಳು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ಮೊದಲೇ ಹೇಳಿದ್ದೆ.

ಹೊಸ ನಕ್ಷೆ ಒಳಗಿದೆ. ಹಕ್ಕಿ ಈಗಿರುವ ಜಾಗ ಹಸಿರು, ಹಿಂದೆ ಇದ್ದು ಈಗಿಲ್ಲದ ಜಾಗ ಬೂದು, ಎಂದೂ ಇರದ ಜಾಗ ಬಿಳಿ. ನಮ್ಮ ಜೌಗು ಬೂದು ಆಗಬೇಕಿತ್ತು. ಆದರೆ ಅಲ್ಲಿ ಹಕ್ಕಿ ಇತ್ತು ಎನ್ನುವುದಕ್ಕೆ ನಿನ್ನ ಪುಸ್ತಕ ಬಿಟ್ಟು ಬೇರೆ ದಾಖಲೆಯೇ ಇಲ್ಲ, ಅವೆಲ್ಲ ರದ್ದು. ಹಾಗಾಗಿ ಬಿಳಿ. ಗೆರೆ ಎಳೆದವಳು ನಾನೇ. ಅಮ್ಮ ನಿನ್ನ ಪಕ್ಕೆಗೆ ತಿವಿಯುತ್ತಿದ್ದ ಆ ಜೌಗಿನಲ್ಲಿ ಯಾವ ಹಕ್ಕಿಯೂ ಎಂದೂ ಹಾಡಿರಲಿಲ್ಲ ಎಂದು ನನ್ನ ಕೈಯಾರೆ ಬರೆದೆ. ಎಳೆದು ಮುಗಿಸಿ ಕೈ ತೊಳೆಯಲು ಹೋದವಳು ಎಷ್ಟೋ ಹೊತ್ತು ನಲ್ಲಿಯ ಮುಂದೆ ನಿಂತಿದ್ದೆ.

ಅವೂ ಬರಲಿಲ್ವಾ. ಆ ಮಾತನ್ನು ದಿನವೂ ಓದುತ್ತೇನೆ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಒಂಬತ್ತು ವರ್ಷ ಕಳೆದೆ, ನೀನು ತುಟಿ ಬಿಚ್ಚದೆ ಹೊತ್ತುಕೊಂಡೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಆ ಫೆಬ್ರವರಿಯಲ್ಲಿ ದ್ವೀಪಕ್ಕೆ ಒಂದು ಕಾಗದ ಬಂದಿತ್ತು, ‘ಅಮ್ಮನಿಗೆ ಸ್ವಲ್ಪ ಕೆಮ್ಮು, ಗಾಬರಿ ಏನಿಲ್ಲ’ ಎಂದು. ಅಕ್ಷರ ನಿನ್ನದು. ನನಗೆ ಬರೆಯುವುದನ್ನು ಅಮ್ಮ ಯಾವತ್ತೂ ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅನುಮಾನ ಆಗಲೇ ಬಂತು. ನಾಲ್ಕು ವಾರಕ್ಕೊಮ್ಮೆ ಬರುವ ದೋಣಿ ಮಾರ್ಚ್ ಎಂಟಕ್ಕೆ ಹೊರಟಿತು. ನಾನು ದಡದಲ್ಲೇ ನಿಂತು ಡಬ್ಬಿಗಳನ್ನು ಏರಿಸಿಕೊಡುತ್ತಿದ್ದೆ. ದೋಣಿಯವನು, “ಬರ್ತೀರಾ, ಜಾಗ ಇದೆ” ಎಂದೂ ಕೇಳಿದ. ಮೊದಲ ಕೆಲಸ, ನಡುವೆ ಬಿಟ್ಟರೆ ಏನೆಂದುಕೊಂಡಾರು ಎಂದು ಇಲ್ಲ ಎಂದೆ. ಬಂದದ್ದು ಮುಂದಿನ ದೋಣಿಗೆ.

ನನಗೆ ಗೊತ್ತಿತ್ತು ಅಪ್ಪಾ. ಗೊತ್ತಿದ್ದೂ ಹತ್ತಲಿಲ್ಲ.

ಮಗಳು


ಆಗಸ್ಟ್ 1

ಮಗಳೇ,

ನಕ್ಷೆ ತಲುಪಿತು. ಅಂಗಡಿಯ ದೀಪದ ಕೆಳಗೆ ಹಿಡಿದು ನೋಡಿದೆ. ಗೆರೆ ಅಚ್ಚುಕಟ್ಟಾಗಿದೆ. ಬಿಳಿ ಇರಬೇಕಾದ ಕಡೆ ಬಿಳಿ ಇದೆ. ನೀನು ಮಾಡಿದ್ದು ಸರಿ, ಅದಕ್ಕಾಗಿ ಇನ್ನು ನಲ್ಲಿಯ ಮುಂದೆ ನಿಲ್ಲಬೇಡ.

ಆ ಕೆಮ್ಮಿನ ಕಾಗದದ ಮಾತು. ಅವಳು ಹೇಳಿದಳು, ನಾನು ಬರೆದೆ. “ಮೊದಲ ಕೆಲಸ ಅವಳದು, ಕೆಡಿಸ್ಬೇಡಿ. ಕೆಮ್ಮು ಅಂತ ಬರೀರಿ” ಎಂದಳು. ಅವಳು ಬರೆಯದೆ ಇದ್ದದ್ದು ಕೈ ನಡುಗುತ್ತಿದ್ದುದರಿಂದ. ಡಾಕ್ಟರು ಅದರ ಹಿಂದಿನ ದಿನವೇ ಎರಡು ತಿಂಗಳು ಎಂದು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ‘ಗಾಬರಿ ಏನಿಲ್ಲ’ ಎಂದು ಬರೆದು, ಅಂಟು ಹಚ್ಚಿ, ನಾನೇ ಹೋಗಿ ಡಬ್ಬಕ್ಕೆ ಹಾಕಿ ಬಂದೆ. ಆ ವರ್ಷ ನಾನು ಬರೆದ ಮೊದಲ ಸುಳ್ಳು ಹಕ್ಕಿಯದಲ್ಲ ಪಾಪು. ಅದು ನಿನಗೆ ಬರೆದದ್ದು. ದೋಣಿಯನ್ನು ನೀನು ಬಿಟ್ಟೆ ಎನ್ನುತ್ತೀ. ಹತ್ತಬೇಡ ಎಂದು ತಡೆದ ಕೈ ನನ್ನದು. ನಿನ್ನ ಅನುಮಾನ ನಿನಗಿರಲಿ, ನನ್ನ ಅಕ್ಷರ ನನಗಿರಲಿ. ಇಬ್ಬರೂ ಹೊರೋಣ, ಒಬ್ಬಳೇ ಹೊರಬೇಡ.

ಈ ಸಲ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಎಡಗಣ್ಣಿಗೆ ಪೊರೆ ಬಂದಿದೆ, ಅಕ್ಟೋಬರಿನಲ್ಲಿ ತೆಗೆಯುತ್ತಾರಂತೆ. ಮೂರು ಮಹಡಿ ಹತ್ತುವಾಗ ಎರಡು ಕಡೆ ನಿಲ್ಲುತ್ತೇನೆ. ಸಂಘದವರು ಈಗ ಬೀದಿಯಲ್ಲಿ ಕಂಡರೆ ಆ ಬದಿಗೆ ದಾಟಿಹೋಗುತ್ತಾರೆ. ಉದ್ದಣ್ಣ ಮಾತ್ರ ಬಂದು ಸ್ವಲ್ಪ ಹೊತ್ತು ಕೂತು ಎದ್ದುಹೋಗುತ್ತಾನೆ. ಬೆಳಗಿನ ಹೊತ್ತು ಎಲ್ಲಿಗೂ ಹೋಗುವುದಿಲ್ಲ, ಆದರೂ ಎಚ್ಚರವಾಗುತ್ತದೆ. ಎಚ್ಚರವಾದರೆ ಮನೆಯಲ್ಲಿ ಇರಲಾಗುವುದಿಲ್ಲ.

ಒಬ್ಬನಿಗೇ ಆಗುತ್ತಿಲ್ಲ. ಬಾ.

ಅಪ್ಪ